ಮಶೀನ್ ಹಚ್ಚಿದ್ರೆ ಮುಗೀತು ಅಂತಾರಲ್ಲ, ನಿಜವಾ? ಓದುಗರ ಪ್ರಶ್ನೆ, ಡಾಕ್ಟ್ರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ, ಮನೇಲಿ ಇಟ್ಕೊಂಡಿರೋ ಉಸಿರಾಟದ ಮಶೀನು. ಮಾಸ್ಕಿಂದ ಗಾಳಿ ತಳ್ಳಿ ಉಸಿರಾಟಕ್ಕೆ ನೆರವಾಗೋ ಬೈಪ್ಯಾಪು, ಸುತ್ತಲಿನ ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡೋ ಕಾನ್ಸಂಟ್ರೇಟರು, ಆಕ್ಸಿಜನ್ ಸಿಲಿಂಡರು. ಮಳೆ ಬಿಟ್ಟು ಚಳಿ ಹಿಡಿಯೋ ಹೊತ್ತಿಗೆ, ಅಡಿಕೆ ಗೊನೆ ಕೊಯ್ಲು ಶುರುವಾಗಿ ಹಂಡೆ ಒಲೆ ಹೊತ್ತಿಸೋ ಹೊತ್ತಿಗೆ ಶಿವಮೊಗ್ಗದಲ್ಲಿ ನನ್ನ ಓಪಿಡಿ ಮುಂದೂ ಇದೇ ಕಥೆ, ಬೆಂಚಿನ ತುಂಬ ದಮ್ಮಿನೋರೇ. ಹಂಗಾಗಿ ಈ ಸಂಚಿಕೆ ಪೂರ್ತಿ ಇದಕ್ಕೇ ಇಟ್ಟಿದೀನಿ. ಹೆಸರು ಹಾಕಬೇಡಿ ಅಂದೋರೇ ಜಾಸ್ತಿ, ತಾಲೂಕು ಮಾತ್ರ ಹಾಕಿದೀನಿ.

ಪ್ರಶ್ನೆ: ಡಾಕ್ಟ್ರಮ್ಮಂಗೆ ನಮಸ್ಕಾರ. ನಮ್ಮತ್ತೆಗೆ 67 ವರ್ಷ. ಬೀಡಿ ಸಿಗರೇಟು ಕಂಡೋರಲ್ಲ, ಆದ್ರೆ ಮದುವೆಯಾಗಿ ಬಂದಾಗಿಂದ ಅಡಿಗೆ ಒಲೆ, ಬಚ್ಚಲ ಒಲೆ, ಸೀಸನ್ನಲ್ಲಿ ಅಡಿಕೆ ಬೇಯಿಸೋ ಒಲೆ ಅಂತ ಹೊಗೇಲೇ ಕೂತೋರು. ಆಷಾಢದಲ್ಲಿ ಜ್ವರ ಕಫ ಬಂದು ಎರಡು ದಿನ ಪೂರ್ತಿ ಮಂಪರು, ಕರೆದ್ರೆ ಹೂಂ ಅಂದು ಮತ್ತೆ ಮಲಗೋರು. ಶಿವಮೊಗ್ಗಕ್ಕೆ ಕರ್ಕೊಂಡ್ ಹೋದ್ವಿ, ಐಸಿಯುನಲ್ಲಿ ಆರು ದಿನ ಇದ್ರು. ರಕ್ತದಲ್ಲಿ ಕಾರ್ಬನ್ ಡೈ ಆಕ್ಸೈಡ್ 78 ಇತ್ತಂತೆ. ಡಿಸ್ಚಾರ್ಜ್ ಮಾಡೋವಾಗ ಬೈಪ್ಯಾಪ್ ತಗೊಳ್ಳಿ, ದಿನಾ ರಾತ್ರಿ ಹಾಕಿ ಅಂದ್ರು, ತಗೊಂಡ್ವಿ. ಈಗ ಊರಲ್ಲಿ ಎಲ್ರೂ ಅಂತಾರೆ, ಮಶೀನ್ ಹಚ್ಚಿದ್ರೆ ಮುಗೀತು, ಅದು ಕೊನೇ ಸ್ಟೇಜು, ಒಂದ್ಸಲ ಚಟ ಹತ್ತಿದ್ರೆ ಬಿಡೋಕಾಗಲ್ಲ ಅಂತ. ಭಾವನೋರು ಸುಮ್ನೆ ದುಡ್ಡು ದಂಡ ಅಂತಾರೆ. ಅತ್ತೆ ರಾತ್ರಿ ಒಂದ್ಗಂಟೆ ಹಾಕ್ಕೊಂಡು ಕಿತ್ತು ತಲೆದಿಂಬಿನ ಕೆಳಗೆ ಇಟ್ಬಿಡ್ತಾರೆ, ಮಲಗಿದಾಗ ಪಕ್ಕದಿಂದ ಗಾಳಿ ಸೋರ್ತದೆ ಅಂತ ಬೇರೆ ಗಲಾಟೆ. ಇದ್ರಿಂದ ನಿಜವಾಗ್ಲೂ ಆಯಸ್ಸು ಜಾಸ್ತಿ ಆಗ್ತದಾ? ಎಷ್ಟು ವರ್ಷ ಅಂತ ಹೇಳೋಕಾಗ್ತದಾ? – ತೀರ್ಥಹಳ್ಳಿ ತಾಲೂಕು

ಉತ್ತರ: ಅಮ್ಮ, ಮೊದ್ಲು ಆ ಚಟದ ಮಾತು ತೆಗೆದು ಹೊರಗೆ ಹಾಕಿ. ಕನ್ನಡಕ ಹಾಕ್ಕೊಂಡೋರಿಗೆ ಕನ್ನಡಕದ ಚಟ ಅಂತೀವಾ? ನಿಮ್ಮತ್ತೆ ಎದೆ ಸ್ನಾಯುಗಳು ಇಷ್ಟು ವರ್ಷ ಹಾಳಾದ ಶ್ವಾಸಕೋಶನ ಎಳೆದೂ ಎಳೆದೂ ಸೋತಿದಾವೆ. ಹಗಲೊತ್ತು ಎಚ್ಚರ ಇದ್ದಾಗ ಹೆಂಗೋ ತೂಗಿಸ್ತಾರೆ. ನಿದ್ದೆ ಬಂತು ಅಂದ್ರೆ ಯಾರಿಗಾದ್ರೂ ಉಸಿರು ಸಣ್ಣಗಾಗ್ತದೆ, ನಮಗೆ ನಿಮಗೆ ಅದು ಲೆಕ್ಕಕ್ಕಿಲ್ಲ, ಅವರಿಗೆ ಮಾತ್ರ ಒಳಗಿನ ಕೆಟ್ಟ ಗಾಳಿ ಹೊರಗೆ ಹೋಗದೆ ರಾತ್ರಿ ಪೂರ್ತಿ ಶೇಖರ ಆಗ್ತದೆ. ಹೊಗೆಗೂಡು ಕಟ್ಟಿದ ಅಡಿಗೆಮನೆ ನೆನೆಸ್ಕೊಳ್ಳಿ, ಹಂಗೆ. ಬೆಳಗ್ಗೆ ಎದ್ದಾಗ ತಲೆನೋವು, ಕಾಫಿ ಲೋಟ ಹಿಡ್ಕೊಂಡೇ ತೂಕಡಿಕೆ, ಹೇಳಿದ್ದನ್ನೇ ಹೇಳೋದು, ಇದೆಲ್ಲ ವಯಸ್ಸಿಂದಲ್ಲ, ಕಾರ್ಬನ್ ಡೈ ಆಕ್ಸೈಡ್ ಏರಿದ್ದಕ್ಕೆ. ಬೈಪ್ಯಾಪ್ ಪ್ರತಿ ಉಸಿರಿಗೂ ಹಿಂದಿಂದ ಒಂದು ತಳ್ಳು ಕೊಡ್ತದೆ, ಸ್ನಾಯುಗೆ ರಾತ್ರಿ ವಿಶ್ರಾಂತಿ ಸಿಗ್ತದೆ, ಮಿದುಳೂ ಕೆಟ್ಟ ಗಾಳಿ ಏರಿದ್ದನ್ನ ಮತ್ತೆ ಗುರುತಿಸೋಕೆ ಕಲೀತದೆ, ಅದಕ್ಕೇ ರಾತ್ರಿ ಹಾಕಿದ್ದರ ಫಲ ಹಗಲು ಮಾಸ್ಕ್ ತೆಗೆದಾಗ್ಲೂ ಕಾಣೋದು.

ಆಯಸ್ಸಿನ ಪ್ರಶ್ನೆಗೆ ನೇರ ಉತ್ತರ ಕೊಡ್ತೀನಿ. ಜರ್ಮನಿ, ಆಸ್ಟ್ರಿಯಾದಲ್ಲಿ ಸಿಒಪಿಡಿ, ಅಂದ್ರೆ ಶ್ವಾಸನಾಳ ಕಿರಿದಾಗಿ ಬರೋ ದೀರ್ಘಕಾಲದ ದಮ್ಮಿನ ಖಾಯಿಲೆಯಿಂದ ಕಾರ್ಬನ್ ಡೈ ಆಕ್ಸೈಡ್ 52ರ ಮೇಲೆ ಖಾಯಂ ನಿಂತೋಗಿದ್ದ 195 ಜನರನ್ನ ಎರಡು ಗುಂಪು ಮಾಡಿ ನೋಡಿದ್ರು, 2014ರಲ್ಲಿ ಫಲಿತಾಂಶ ಬಂತು. ಬರೀ ಔಷಧಿ, ಆಕ್ಸಿಜನ್ ಮೇಲೆ ಇದ್ದೋರಲ್ಲಿ ಒಂದು ವರ್ಷದೊಳಗೆ ನೂರಕ್ಕೆ 33 ಜನ ತೀರ್ಕೊಂಡ್ರು, ರಾತ್ರಿ ಮಶೀನ್ ಹಾಕಿದೋರಲ್ಲಿ 12 ಜನ. ಎಷ್ಟು ದೊಡ್ಡ ವ್ಯತ್ಯಾಸ ನೋಡಿ. ಆಮೇಲೆ 2017ರಲ್ಲಿ ಬ್ರಿಟನ್ನಿನೋರು ನಿಮ್ಮತ್ತೆ ತರದೋರನ್ನೇ, ಅಂದ್ರೆ ಸೀರಿಯಸ್ಸಾಗಿ ಆಸ್ಪತ್ರೆ ಸೇರಿ ಬಂದು ಎರಡರಿಂದ ನಾಲ್ಕು ವಾರ ಆದ್ರೂ ಕಾರ್ಬನ್ ಡೈ ಆಕ್ಸೈಡ್ 53ಕ್ಕಿಂತ ಕೆಳಗೆ ಬರದೆ ಇದ್ದ 116 ಜನರನ್ನ ನೋಡಿದ್ರು. ಬರೀ ಆಕ್ಸಿಜನ್ ಇದ್ದ ಗುಂಪು ಒಂದೂವರೆ ತಿಂಗಳಿಗೆಲ್ಲ ಮತ್ತೆ ಆಸ್ಪತ್ರೆ ಹತ್ತೋದೋ ತೀರ್ಕೊಳ್ಳೋದೋ ಆಯ್ತು, ಆಕ್ಸಿಜನ್ ಜೊತೆ ಮಶೀನೂ ಇದ್ದ ಗುಂಪಲ್ಲಿ ಅದು ನಾಲ್ಕು ತಿಂಗಳು ದಾಟ್ತು. ಬರೀ ಸಾವಿನ ಲೆಕ್ಕ ತಗೊಂಡ್ರೆ ಮಾತ್ರ ಆ ಅಧ್ಯಯನದಲ್ಲಿ ದೊಡ್ಡ ವ್ಯತ್ಯಾಸ ಕಾಣ್ಲಿಲ್ಲ, ಅದನ್ನೂ ಮುಚ್ಚಿಡದೆ ಹೇಳ್ತೀನಿ. ನಿಮ್ಮತ್ತೆಗೆ ಇಂತಿಷ್ಟೇ ವರ್ಷ ಅಂತ ನಾನಲ್ಲ, ಯಾರೂ ಬರೆದುಕೊಡೋಕಾಗಲ್ಲ. ಆದ್ರೆ ಇದು ಕೊನೇ ಸ್ಟೇಜಿಗೆ ಹಚ್ಚೋ ಮಶೀನು ಅನ್ನೋದು ಸುಳ್ಳು. ಆ ಸ್ಟೇಜು ದೂರ ಇರಲಿ ಅಂತ ಹಚ್ಚೋದು.

ಈಗ ನನ್ನದೊಂದು ಪ್ರಶ್ನೆ ನಿಮಗೆ. ಡಿಸ್ಚಾರ್ಜ್ ಆದ್ಮೇಲೆ ಎಬಿಜಿ, ಅಂದ್ರೆ ಮಣಿಕಟ್ಟಿನ ಹತ್ರ ಸೂಜಿ ಹಾಕಿ ತೆಗೆಯೋ ರಕ್ತದ ಟೆಸ್ಟು, ಮತ್ತೆ ಮಾಡಿಸಿದ್ರಾ? ಪತ್ರದಲ್ಲಿ ಬರೆದಿಲ್ಲ. ಇದು ಯಾಕೆ ಮುಖ್ಯ ಅಂದ್ರೆ ನೆದರ್ಲೆಂಡ್ಸ್‌ನಲ್ಲಿ 201 ಜನಕ್ಕೆ ಆಸ್ಪತ್ರೆಯಿಂದ ಬರ್ತಾ ಬರ್ತಾನೇ ಮಶೀನ್ ಕೊಟ್ಟು ನೋಡಿದ್ರು, 2014ರಲ್ಲೇ, ಏನೂ ಲಾಭ ಸಿಗ್ಲಿಲ್ಲ, ಯಾಕಂದ್ರೆ ಸುಮಾರು ಜನಕ್ಕೆ ಖಾಯಿಲೆ ಇಳಿದ ಹಂಗೆ ಕಾರ್ಬನ್ ಡೈ ಆಕ್ಸೈಡ್ ತಾನಾಗೇ ಇಳಿದಿತ್ತು. ನಿಮ್ಮತ್ತೆಗೂ ಹಂಗೇ ಇಳಿದಿರಬಹುದು, ಇಳಿದಿದ್ರೆ ಮಶೀನ್ ಬೇಕೇ ಬೇಕು ಅಂತಿಲ್ಲ, ನಿಮ್ಮ ಭಾವನೋರ ಮಾತೂ ಉಳೀತದೆ. ಇಳೀದೆ ಇದ್ರೆ ಒಂದು ಗಂಟೆ ಹಾಕಿ ತಲೆದಿಂಬಿನ ಕೆಳಗೆ ಇಡೋದಲ್ಲ, ರಾತ್ರಿಗೆ ಐದಾರು ಗಂಟೆ ಮುಖದ ಮೇಲಿರಬೇಕು. ಜರ್ಮನಿಯೋರು ಸರಾಸರಿ ಆರು ಗಂಟೆ ಹತ್ತತ್ರ ಹಾಕಿದ್ರು. ತೀರ್ಥಹಳ್ಳಿಯಿಂದ ಶಿವಮೊಗ್ಗ ಸುಮಾರು 60 ಕಿಲೋಮೀಟರು, ಒಂದು ದಿನ ಬಿಡುವು ಮಾಡ್ಕೊಂಡು ಬನ್ನಿ, ಮೆಗ್ಗಾನ್ ಆಗ್ಲಿ ಐಸಿಯು ಇರೋ ಬೇರೆ ಆಸ್ಪತ್ರೆ ಆಗ್ಲಿ, ಆದ್ರೆ ಬರೋವಾಗ ಮಶೀನು, ಮಾಸ್ಕು, ಪೈಪು ಎಲ್ಲ ತಗೊಂಡ್ ಬನ್ನಿ.

ಮಶೀನ್ ತನ್ನಿ ಅಂತ ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ ಒಂದು ಸಂಗತಿ ಇದೆ. ಒಬ್ಬ ಅಜ್ಜಿ, ಮೂರು ತಿಂಗಳಿಂದ ತಪ್ಪದೆ ಮಶೀನ್ ಹಾಕ್ತಿದಾರೆ, ಮಶೀನ್ ಒಳಗಿನ ಲೆಕ್ಕದಲ್ಲೂ ಏಳು ಗಂಟೆ ತೋರಿಸ್ತಿದೆ, ಆದ್ರೂ ಕಾರ್ಬನ್ ಡೈ ಆಕ್ಸೈಡ್ ಇಳೀತಿಲ್ಲ. ನಾನು ಪ್ರೆಶರ್ ಏರಿಸಿದೆ, ಔಷಧಿ ಬದಲಾಯಿಸಿದೆ, ಎರಡು ಸಲ ಬರೀ ಚೀಟಿ ನೋಡಿ ಕಳಿಸಿದೆ. ಮೂರನೇ ಸಲ ಮಗ ಅಕ್ಕಿ ಚೀಲದಲ್ಲಿ ಮಶೀನ್ ಹಾಕ್ಕೊಂಡ್ ಬಂದಿದ್ರು. ಮಾಸ್ಕ್ ತೆಗೆದು ಬೆಳಕಿಗೆ ಹಿಡಿದೆ. ಮೂಗಿನ ಮುಂದೆ ಮಾಸ್ಕಿನಲ್ಲಿ ಸಣ್ಣ ಸಣ್ಣ ತೂತು ಇರ್ತವಲ್ಲ, ಅದರ ಮೇಲೆ ನೀಟಾಗಿ ಎರಡು ಪದರ ಗಾಯಕ್ಕೆ ಹಚ್ಚೋ ಪ್ಲಾಸ್ಟರು. ಗಾಳಿ ಸೋರಿ ವೇಸ್ಟ್ ಆಗ್ತಿತ್ತು ಅಂತ ಸೊಸೆ ಪ್ರೀತಿಯಿಂದ ಹಚ್ಚಿದ್ದು. ಆ ತೂತು ಇರೋದೇ ಬಿಟ್ಟ ಉಸಿರು ಹೊರಗೆ ಹೋಗ್ಲಿ ಅಂತ! ಅಜ್ಜಿ ಮೂರು ತಿಂಗಳು ತಾನು ಬಿಟ್ಟ ಗಾಳಿನೇ ತಿರುಗಿ ಕುಡೀತಿದ್ರು. ಸೊಸೆದು ತಪ್ಪಲ್ಲ, ಕೊಡೋವಾಗ ಯಾರೂ ಹೇಳಿಕೊಟ್ಟಿಲ್ಲ, ಎರಡು ಸಲ ಮಾಸ್ಕ್ ನೋಡದೆ ಕಳಿಸಿದ್ದು ನನ್ನ ತಪ್ಪು. ಪ್ಲಾಸ್ಟರ್ ಕಿತ್ತ ಮೇಲೆ ಮೂರು ವಾರಕ್ಕೆ ಅಜ್ಜಿ ಕಾರ್ಬನ್ ಡೈ ಆಕ್ಸೈಡ್ 70ರಿಂದ 54ಕ್ಕೆ ಬಂತು. ನಿಮ್ಮತ್ತೆ ಮಾಸ್ಕಿನ ತೂತಿಂದ ಬರೋ ಗಾಳಿ ಮುಚ್ಚಬೇಡಿ, ಕೆನ್ನೆ ಪಕ್ಕದಿಂದ, ಕಣ್ಣಿನ ಹತ್ರದಿಂದ ಸೋರಿದ್ರೆ ಅದು ಸೈಜು ಸರಿಯಿಲ್ಲ ಅಂತ, ಮಾಸ್ಕ್ ಬದಲಾಯಿಸಬೇಕು. ಪಟ್ಟಿ ಬಿಗಿದು ಕಟ್ಟಿದ್ರೆ ಮೂಗಿನ ದಿಂಡಿನ ಮೇಲೆ ಹುಣ್ಣಾಗ್ತದೆ, ಆಮೇಲೆ ಯಾರು ಹೇಳಿದ್ರೂ ಅವರು ಹಾಕ್ಕೊಳ್ಳಲ್ಲ.

ಇನ್ನೊಂದು, ಪ್ರೆಶರ್. ಎಷ್ಟೋ ಮನೇಲಿ ಮಶೀನ್ ತಂದುಕೊಟ್ಟೋರು 10/5, ಅಂದ್ರೆ ಉಸಿರು ಎಳೆಯೋವಾಗ ಮೇಲಿನ ಪ್ರೆಶರು 10, ಬಿಡೋವಾಗ ಕೆಳಗಿನದು 5 ಅಂತ ಇಟ್ಟು ಹೋದದ್ದು ವರ್ಷ ಆದ್ರೂ ಹಂಗೇ ಇರ್ತದೆ. ಜರ್ಮನಿ ಅಧ್ಯಯನದಲ್ಲಿ ಮೇಲಿನ ಪ್ರೆಶರು ಸರಾಸರಿ 22ರ ಹತ್ರ ಇತ್ತು, ಬ್ರಿಟನ್ನಿನದರಲ್ಲಿ 24. ಹಳೇ ಕಾಲದ ಅಧ್ಯಯನಗಳಲ್ಲಿ ಕಡಿಮೆ ಪ್ರೆಶರ್ ಇಟ್ಟು ಲಾಭ ಇಲ್ಲ ಅಂತ ಬರೆದುಬಿಟ್ರು, ಅದು ಹತ್ತಿಪ್ಪತ್ತು ವರ್ಷ ನಮ್ಮನ್ನೂ ದಾರಿ ತಪ್ಪಿಸ್ತು. ಆದ್ರೆ ನೀವಾಗೇ ಬಟನ್ ಒತ್ತಿ ಏರಿಸೋಕೆ ಹೋಗಬೇಡಿ, ನಾವು ನೋಡ್ಕೊಂಡು ಮೆಟ್ಟಿಲು ಮೆಟ್ಟಿಲಾಗಿ ಏರಿಸ್ತೀವಿ. ಅಭ್ಯಾಸ ಮಾಡಿಸೋಕೆ ಒಂದು ಉಪಾಯ, ಸಂಜೆ ಟಿವಿಯಲ್ಲಿ ಅವರ ಧಾರಾವಾಹಿ ಬರೋ ಟೈಮಲ್ಲಿ ಅರ್ಧ ಗಂಟೆ ಹಾಕಿ ಕೂರಿಸಿ. ನಿದ್ದೆಗಣ್ಣಲ್ಲಿ ಮುಖಕ್ಕೆ ಗಾಳಿ ಹೊಡೆದ್ರೆ ಯಾರಿಗಾದ್ರೂ ಗಾಬರಿ ಆಗ್ತದೆ, ಎಚ್ಚರದಲ್ಲಿ ಹೊಂದಿಕೊಂಡ್ರೆ ರಾತ್ರಿ ಸಲೀಸು. ಚಳಿಗಾಲದಲ್ಲಿ ಪೈಪಲ್ಲಿ ನೀರು ಕಟ್ಟಿ ಮುಖಕ್ಕೆ ಹನಿ ಬೀಳ್ತದೆ, ಪೈಪನ್ನ ಕಂಬಳಿ ಒಳಗಿಂದ ತಗೊಳ್ಳಿ, ಮಶೀನ್ ಹಾಸಿಗೆಗಿಂತ ಕೆಳಗಿಡಿ. ಮತ್ತೆ ದಯವಿಟ್ಟು ಈ ವರ್ಷ ಅಡಿಕೆ ಬೇಯಿಸೋ ಜಾಗಕ್ಕೆ ಅವರನ್ನ ಬಿಡಬೇಡಿ, ಚೊಗರಿನ ಹದ ನೋಡೋಕೆ ಅಂತಲೂ ಬೇಡ. ಫ್ಲೂ ಲಸಿಕೆ ವರ್ಷಕ್ಕೊಂದ್ಸಲ, ನ್ಯುಮೋನಿಯಾ ಲಸಿಕೆ ಹಾಕಿಸಿಲ್ಲ ಅಂದ್ರೆ ಅದೂ ಕೇಳಿ ಹಾಕಿಸಿ.

ಪ್ರಶ್ನೆ: ಅಪ್ಪಯ್ಯಂಗೆ 71. ಬೀಡಿ ಬಿಟ್ಟು ಹತ್ತು ವರ್ಷ ಆಯ್ತು, ಆದ್ರೂ ಶ್ವಾಸಕೋಶ ಪೂರ್ತಿ ಹಾಳಾಗಿದೆ ಅಂತ ಎರಡು ವರ್ಷದಿಂದ ಆಕ್ಸಿಜನ್ ಕಾನ್ಸಂಟ್ರೇಟರ್ ಮೇಲೆ ಇದಾರೆ. 24 ಗಂಟೆನೂ ಹಾಕಿರ್ಬೇಕು ಅಂದಿದಾರೆ. ಹೆಂಗಿದ್ದ ಮನುಷ್ಯ, ದಿನಾ ತೋಟ ಒಂದು ಸುತ್ತು ಹಾಕಿ ಬರದಿದ್ರೆ ಊಟ ಸೇರ್ತಿರ್ಲಿಲ್ಲ, ಈಗ ಆ ಪೈಪಿನ ಉದ್ದಕ್ಕೆ ಕಟ್ಟಿಹಾಕಿದ ದನದ ಥರ ಕೂತಿರ್ತಾರೆ. ಕರೆಂಟ್ ಬಿಲ್ಲೂ ಹಂಗೇ ಬರ್ತಿದೆ. ಎಂತ ಮಾಡದು? – ಸಾಗರ ತಾಲೂಕು

ಉತ್ತರ: ನಿಮ್ಮ ಪತ್ರ ಓದಿ ಬೇಜಾರಾಯ್ತು, ಯಾಕಂದ್ರೆ ಇದು ಬಗೆಹರಿಯೋ ಕಷ್ಟ.

ಮನೇಲಿ ಆಕ್ಸಿಜನ್ ಕೊಟ್ರೆ ಆಯಸ್ಸು ಹೆಚ್ತದೆ ಅಂತ ಗೊತ್ತಾಗಿದ್ದೇ ಎರಡು ಹಳೇ ಅಧ್ಯಯನದಿಂದ. 1980ರಲ್ಲಿ ಅಮೆರಿಕದ್ದು, 203 ಜನ, ರಾತ್ರಿ 12 ಗಂಟೆ ಹಾಕಿದೋರಿಗಿಂತ ಹಗಲೂ ರಾತ್ರಿ ಹಾಕಿದೋರು ಹೆಚ್ಚು ಬದುಕಿದ್ರು, ಅವರಿಗೆ ಹಗಲೂ ರಾತ್ರಿ ಅಂತ ಹೇಳಿದ್ರೂ ನಿಜವಾಗಿ ಹಾಕಿದ್ದು ಸರಾಸರಿ 18 ಗಂಟೆ ಹತ್ರ. 1981ರಲ್ಲಿ ಬ್ರಿಟನ್ನಿನದ್ದು, 87 ಜನ. ಆಕ್ಸಿಜನ್ ಇಲ್ಲದ 45 ಜನರಲ್ಲಿ ಐದು ವರ್ಷಕ್ಕೆ 30 ಜನ ಹೋದ್ರು, ದಿನಕ್ಕೆ 15 ಗಂಟೆ ಹಾಕಿದ 42 ಜನರಲ್ಲಿ 19 ಜನ. ಆ 15 ಗಂಟೆ ಅನ್ನೋ ಲೆಕ್ಕ ಅಲ್ಲಿಂದ ಬಂದಿದ್ದು. ಹಂಗಾದ್ರೆ 24 ಗಂಟೆ ಹಾಕಿದ್ರೆ ಇನ್ನೂ ಒಳ್ಳೇದಲ್ವಾ ಅಂತ ನಾವೂ ಸುಮಾರು ವರ್ಷ ಅಂದ್ಕೊಂಡಿದ್ವಿ. 2024ರಲ್ಲಿ ಸ್ವೀಡನ್ನಿನೋರು 241 ಜನರನ್ನ 24 ಗಂಟೆ, 15 ಗಂಟೆ ಅಂತ ಎರಡು ಭಾಗ ಮಾಡಿ ಒಂದು ವರ್ಷ ನೋಡಿದ್ರು. ಆಸ್ಪತ್ರೆ ಸೇರೋದ್ರಲ್ಲೂ ಸಾವಲ್ಲೂ ವ್ಯತ್ಯಾಸ ಬರ್ಲಿಲ್ಲ.

ಹಂಗಾಗಿ ಅಪ್ಪಯ್ಯಂಗೆ ರಾತ್ರಿ ಒಂಬತ್ತರಿಂದ ಬೆಳಗ್ಗೆ ಏಳು, ಮಧ್ಯಾಹ್ನ ಊಟ ಆದ್ಮೇಲೆ ಮಲಗೋ ಎರಡು ಗಂಟೆ, ಸಂಜೆ ಟಿವಿ ಮುಂದೆ ಮೂರು ಗಂಟೆ, ಇಷ್ಟಕ್ಕೇ 15 ಆಯ್ತು. ಉಳಿದ ಹೊತ್ತು ಅವರದ್ದು. ನಿಮ್ಮ ಡಾಕ್ಟ್ರ ಹತ್ರ ಈ ಮಾತು ಎತ್ತಿ, ಅವರು ಒಂದ್ಸಲ ನಡೆಸಿ ನೋಡ್ಲಿ, ನಡೆಯೋವಾಗ ಸ್ಯಾಚುರೇಷನ್, ಅಂದ್ರೆ ಬೆರಳಿನ ಕ್ಲಿಪ್ ತೋರಿಸೋ ರಕ್ತದ ಆಕ್ಸಿಜನ್ ಮಟ್ಟ, ತೀರಾ ಕೆಳಗೆ ಬಿದ್ರೆ ನಡೆಯೋವಾಗ ಹಿಡ್ಕೊಳ್ಳೋ ಸಣ್ಣ ಸಿಲಿಂಡರ್ ಬೇಕಾಗಬಹುದು. ಬೀಳ್ಲಿಲ್ಲ ಅಂದ್ರೆ ಬಿಸಿಲು ಏರೋ ಮುಂಚೆ ನಿಧಾನಕ್ಕೆ ತೋಟ ಸುತ್ತಿ ಬರ್ಲಿ, ಅಡಿಕೆ ಮರಕ್ಕೆ ಕೈ ಕೊಟ್ಟು ನಿಂತು ಸುಧಾರಿಸ್ಕೊಂಡು ನಡೀಲಿ. ಕೂತಲ್ಲೇ ಕೂತ್ರೆ ಕಾಲಿನ ಸ್ನಾಯು ಕರಗ್ತದೆ, ಆಮೇಲೆ ಅದೇ ಉಸಿರಿಗೆ ಭಾರ.

ಬಿಲ್ಲಿನ ವಿಷಯ. ಐದು ಲೀಟರ್ ಮಶೀನು ಅಂದಾಜು 300 ವಾಟ್ ತಿನ್ನುತ್ತೆ. 24 ಗಂಟೆ ಅಂದ್ರೆ ತಿಂಗಳಿಗೆ 216 ಯುನಿಟ್ಟು, 15 ಗಂಟೆ ಅಂದ್ರೆ 135. ಗೃಹಜ್ಯೋತಿಯಲ್ಲಿ ಒಟ್ಟು 200 ಯುನಿಟ್ ದಾಟಿದ್ರೆ ಆ ತಿಂಗಳ ಪೂರ್ತಿ ಬಿಲ್ಲು ಕಟ್ಟಬೇಕಲ್ಲ, ನಿಮ್ಮನೇಲಿ ಆಗ್ತಿರೋದು ಅದೇ ಇರ್ಬೇಕು. ಮನೆ ಬಳಕೆ ಎಷ್ಟಿದೆ ಅಂತ ಮೀಟರ್ ನೋಡಿ ಲೆಕ್ಕ ಹಾಕಿ.

ಇದೇ ಮಾತಿಗೆ ಬೇರೆಯೋರಿಗೂ ಒಂದು ಹೇಳಿಬಿಡ್ತೀನಿ. ಬೆರಳಿಗೆ ಕ್ಲಿಪ್ ಹಾಕಿ 91 ತೋರಿಸ್ತು ಅಂತ ಮಶೀನ್ ತರೋಕೆ ಓಡಬೇಡಿ. ಕೂತಾಗ 89ರಿಂದ 93 ಇರೋರು, ಇಲ್ಲಾ ನಡೆದಾಗ ಮಾತ್ರ ಇಳಿಯೋರು, ಇಂಥ 738 ಜನರನ್ನ ಅಮೆರಿಕದಲ್ಲಿ ನೋಡಿ 2016ರಲ್ಲಿ ಹೇಳಿದ್ರು, ಆಕ್ಸಿಜನ್ನಿಂದ ಆಯಸ್ಸೂ ಹೆಚ್ಲಿಲ್ಲ, ಆಸ್ಪತ್ರೆ ಓಡಾಟನೂ ತಪ್ಪಲಿಲ್ಲ ಅಂತ. ಎಬಿಜಿಯಲ್ಲಿ ಆಕ್ಸಿಜನ್ 55 ಅಥವಾ ಅದಕ್ಕಿಂತ ಕಡಿಮೆ ಇದ್ರೆ, ಇಲ್ಲಾ 60ರ ಒಳಗಿದ್ದು ಕಾಲು ಬಾವು, ಹೃದಯದ ಬಲಭಾಗಕ್ಕೆ ಪೆಟ್ಟು ಇದ್ರೆ ಆಗ ಬೇಕು.

ಪ್ರಶ್ನೆ: 2021ರಲ್ಲಿ ಕೋವಿಡ್ ಟೈಮಲ್ಲಿ ಕೊಂಡ ಕಾನ್ಸಂಟ್ರೇಟರ್ ಅಟ್ಟದ ಮೇಲೆ ಹಂಗೇ ಇದೆ. ಪಕ್ಕದ ಮನೆ ಅಜ್ಜಂಗೆ ಕೊಡಬಹುದಾ? – ಹೊಸನಗರ

ಉತ್ತರ: ಕೊಡೋ ಮನಸ್ಸು ದೊಡ್ಡದು, ಆದ್ರೆ ಚೆಕ್ ಮಾಡಿಸದೆ ಕೊಡಬೇಡಿ. ಅದರೊಳಗೆ ಜಿಯೋಲೈಟ್ ಅಂತ ಹರಳು ಇರ್ತವೆ, ಗಾಳಿಯಲ್ಲಿರೋ ನೈಟ್ರೋಜನ್ ಹಿಡ್ಕೊಂಡು ಆಕ್ಸಿಜನ್ನನ್ನ ಮುಂದಕ್ಕೆ ಬಿಡೋ ಕೆಲಸ ಅವುಗಳದ್ದು. ತೇವ ಅಂದ್ರೆ ಅವಕ್ಕೆ ಆಗಲ್ಲ. ಹೊಸನಗರದ ಮಳೆಗಾಲ ಎಷ್ಟು ದಾಟಿದೆ ಆ ಮಶೀನು, ನೀವೇ ಲೆಕ್ಕ ಹಾಕಿ, ನಮ್ಮಲ್ಲಿ ಕಪಾಟಿನೊಳಗಿನ ಚಪ್ಪಲಿಗೇ ಬೂಷ್ಟು ಬರ್ತದೆ. ಆನ್ ಮಾಡಿದ್ರೆ ಸದ್ದು ಬರ್ತದೆ, ಗುಳ್ಳೆನೂ ಬರ್ತದೆ, ಎಲ್ಲ ಸರಿಯಿದೆ ಅನ್ಸುತ್ತೆ, ಬರೋದು ಮಾತ್ರ ಬರೀ ಗಾಳಿ ಆಗಿರ್ಬಹುದು. ಆಕ್ಸಿಜನ್ ಅಳೆಯೋ ಮೀಟರ್ ಇಟ್ಟು ನೋಡಿದಾಗ ನೂರಕ್ಕೆ 90ರ ಮೇಲೆ ತೋರಿಸಿದ್ರೆ ಸರಿ. ಮತ್ತೆ ಆ ಅಜ್ಜಂಗೆ ಆಕ್ಸಿಜನ್ ಬೇಕು ಅಂತ, ಎಷ್ಟು ಲೀಟರ್ ಅಂತ ಡಾಕ್ಟ್ರು ಬರೆದಿದ್ರೆ ಮಾತ್ರ ಕೊಡಿ. ಕಾರ್ಬನ್ ಡೈ ಆಕ್ಸೈಡ್ ಏರೋ ಜಾತಿ ಖಾಯಿಲೆ ಇದ್ದು ನೀವು ಪ್ರೀತಿಯಿಂದ ಐದು ಲೀಟರ್ ಬಿಟ್ರೆ ಬೆಳಗ್ಗೆ ಅವರು ಏಳೋದೇ ಕಷ್ಟ. ಅಂಥೋರಿಗೆ ಬೆರಳ ಕ್ಲಿಪ್ಪಲ್ಲಿ 88ರಿಂದ 92 ಇದ್ರೆ ಸಾಕು, 98 ಆಗ್ಬೇಕು ಅಂತ ಹಠ ಬೇಡ.

ಪ್ರಶ್ನೆ: ನಮ್ಮದು ಆಗುಂಬೆ ಹತ್ರ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದ್ರೆ ಎರಡು ದಿನ ಇಲ್ಲ. ಅಮ್ಮಂಗೆ ಬೈಪ್ಯಾಪೂ ಇದೆ, ಎರಡು ಲೀಟರ್ ಆಕ್ಸಿಜನ್ನೂ ಇದೆ. ಇನ್ವರ್ಟರ್ ಸಾಕಾಗ್ತದಾ?

ಉತ್ತರ: ಬೈಪ್ಯಾಪಿಗೆ ಸಾಕು, ಕಾನ್ಸಂಟ್ರೇಟರಿಗೆ ಸಾಲಲ್ಲ. ಮನೇಲಿರೋ 150 ಎಎಚ್ ಬ್ಯಾಟರಿ ಚೆನ್ನಾಗಿದ್ರೆ 300 ವಾಟಿನ ಕಾನ್ಸಂಟ್ರೇಟರನ್ನ ಮೂರೂವರೆ ನಾಲ್ಕು ಗಂಟೆ ಎಳೆದ್ರೆ ಹೆಚ್ಚು, ಅದೂ ಶುರುವಾಗೋವಾಗ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯೋದಕ್ಕೆ ಸಣ್ಣ ಇನ್ವರ್ಟರ್ ಟ್ರಿಪ್ ಆಗೋದೂ ಇದೆ. ಬೈಪ್ಯಾಪ್ ನೀರು ಬಿಸಿ ಮಾಡೋ ಹ್ಯುಮಿಡಿಫೈಯರ್ ಆಫ್ ಮಾಡಿದ್ರೆ ಅಷ್ಟೇನೂ ತಿನ್ನಲ್ಲ, ಅದೇ ಬ್ಯಾಟರಿಯಲ್ಲಿ ರಾತ್ರಿ ಪೂರ್ತಿ ಓಡ್ತದೆ, ಫ್ರಿಜ್ಜು ಟಿವಿ ಅದೇ ಲೈನಲ್ಲಿ ಇರ್ಬಾರ್ದು ಅಷ್ಟೆ. ಆಕ್ಸಿಜನ್ನಿಗೆ ಸಿಲಿಂಡರ್ ಇಟ್ಕೊಳ್ಳಿ. ಬಿ ಟೈಪ್ ಅಂತ ಸಿಗ್ತದೆ, ತುಂಬಿದ್ದು 1500 ಲೀಟರ್ ಹತ್ರ, ನಿಮಿಷಕ್ಕೆ ಎರಡು ಲೀಟರ್ ಅಂದ್ರೆ 12 ಗಂಟೆ. ದೊಡ್ಡ ಡಿ ಟೈಪು 7000 ಲೀಟರು, ಎರಡು ದಿನ ದಾಟ್ತದೆ, ನಿಮ್ಮ ಕಡೆಗೆ ಅದೇ ಸರಿ. ಮೇ ತಿಂಗಳು ಮುಗಿಯೋದ್ರೊಳಗೆ ತುಂಬಿಸಿ ಇಡಿ, ಕೀಲಿ, ರೆಗ್ಯುಲೇಟರ್ ಸಿಲಿಂಡರಿಗೇ ಕಟ್ಟಿಡಿ, ಕತ್ತಲಲ್ಲಿ ಒಮ್ಮೆ ಹಾಕಿ ತೆಗೆದು ಪ್ರಾಕ್ಟೀಸ್ ಮಾಡಿ, ಯಾಕಂದ್ರೆ ಕರೆಂಟ್ ಹೋಗೋದು ನಡುರಾತ್ರಿಯಲ್ಲೇ.

ಸಿಲಿಂಡರನ್ನ ಒಲೆ ಹತ್ರ, ದೇವರ ಕೋಣೆ ದೀಪದ ಹತ್ರ ನಿಲ್ಲಿಸಬೇಡಿ. ಆಕ್ಸಿಜನ್ ತಾನು ಉರಿಯಲ್ಲ, ಉರಿಯೋದನ್ನ ಭಗ್ ಅನ್ನಿಸ್ತದೆ. ಮೂಗು ಒಣಗ್ತದೆ ಅಂತ ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚೋದೂ ಬೇಡ, ಮೆಡಿಕಲ್ ಶಾಪಲ್ಲಿ ನೀರಿನ ಜೆಲ್ ಸಿಗ್ತದೆ, ಅದು ಹಚ್ಚಿ.

ಪ್ರಶ್ನೆ: ತಮ್ಮಂಗೆ 26 ವರ್ಷ. ಚಿಕ್ಕಂದಿನಿಂದ ಬೆನ್ನು ಡೊಂಕು, ಗೂನು ಇದೆ. ಈಗ ರಾತ್ರಿ ಉಸಿರು ಸಾಲ್ದು ಅಂತ ಬೈಪ್ಯಾಪ್ ಬರೆದಿದಾರೆ. ಇಷ್ಟು ಸಣ್ಣ ವಯಸ್ಸಿಗೇ ಮಶೀನಾ ಅಂತ ಅಮ್ಮ ಅಳ್ತಾರೆ. ಬರೀ ಆಕ್ಸಿಜನ್ ಕೊಟ್ರೆ ಸಾಲ್ದಾ? – ಭದ್ರಾವತಿ

ಉತ್ತರ: ಅಮ್ಮಂಗೆ ಈ ಉತ್ತರ ಓದಿ ಹೇಳಿ. ಮಶೀನಿಂದ ಅತಿ ಹೆಚ್ಚು ಲಾಭ ಆಗೋದು ನಿಮ್ಮ ತಮ್ಮನಂಥೋರಿಗೇ. ಇವರ ಶ್ವಾಸಕೋಶ ಸುಟ್ಟಿಲ್ಲ, ಹಾಳಾಗಿಲ್ಲ, ಎದೆಗೂಡು ಮಾತ್ರ ಬಿಗಿಯಾಗಿ ಅರಳೋಕಾಗ್ತಿಲ್ಲ. ರಾತ್ರಿ ಗಾಳಿ ತಳ್ಳಿಕೊಟ್ರೆ ಹಗಲು ಕೆಲಸಕ್ಕೆ ಹೋಗ್ತಾರೆ, ಬೈಕ್ ಓಡಿಸ್ತಾರೆ, ಹತ್ತಾರು ವರ್ಷ ಚೆನ್ನಾಗಿರೋರು ಇದಾರೆ. ಸ್ವೀಡನ್ನಲ್ಲಿ ಬೆನ್ನು ಡೊಂಕಿನೋರನ್ನೇ ನೋಡಿ 2006ರಲ್ಲಿ ಬರೆದ್ರು, ಬರೀ ಆಕ್ಸಿಜನ್ ಮೇಲೆ ಇದ್ದೋರಿಗಿಂತ ಮಶೀನ್ ಹಾಕಿದೋರು ಬಹಳ ಹೆಚ್ಚು ಕಾಲ ಬದುಕಿದ್ರು ಅಂತ. ಬರೀ ಆಕ್ಸಿಜನ್ ಕೊಟ್ರೆ ಬೆರಳ ಕ್ಲಿಪ್ಪಲ್ಲಿ ನಂಬರ್ ಚೆಂದ ಕಾಣ್ತದೆ, ಒಳಗೆ ಕಾರ್ಬನ್ ಡೈ ಆಕ್ಸೈಡ್ ಏರ್ತಾನೇ ಇರ್ತದೆ.

ಡುಶೆನ್ ಅಂತ ಗಂಡುಮಕ್ಕಳಿಗೆ ಬರೋ ಸ್ನಾಯು ಕ್ಷೀಣಿಸೋ ಖಾಯಿಲೆ ಇದೆ. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಲೆಕ್ಕ ಇಟ್ಟಿದ್ರು, 1960ರ ದಶಕದಲ್ಲಿ ಆ ಹುಡುಗರು ಸರಾಸರಿ 14 ವರ್ಷಕ್ಕೆ ಹೋಗ್ತಿದ್ರು, 1990ರಿಂದೀಚೆ ರಾತ್ರಿ ಮಶೀನ್ ಸಿಕ್ಕವರು ಸರಾಸರಿ 25 ದಾಟಿದ್ರು. ಹನ್ನೊಂದು ವರ್ಷ ಮಾರಾಯ್ರೆ, ಎಸ್ಸೆಸ್ಸೆಲ್ಸಿಗೂ ಮುಂಚೆ ಹೋಗ್ತಿದ್ದ ಮಗ ಡಿಗ್ರಿ ಮುಗಿಸೋ ಅಷ್ಟು. ನಿಮ್ಮ ತಮ್ಮಂದು ಅದಕ್ಕಿಂತ ಎಷ್ಟೋ ಹಗುರ ಖಾಯಿಲೆ. ಸಣ್ಣ ವಯಸ್ಸಿಗೇ ಮಶೀನಾ ಅಂತ ಅಳೋ ಅಮ್ಮಂಗೆ ಹೇಳಿ, ಸಣ್ಣ ವಯಸ್ಸಲ್ಲೇ ಗೊತ್ತಾಯ್ತಲ್ಲ ಅಂತ ನನಗೆ ಸಮಾಧಾನ.

ಪ್ರಶ್ನೆ: ಅಪ್ಪಂಗೆ 78. ನಾಲ್ಕು ವರ್ಷದಿಂದ ಬೈಪ್ಯಾಪು, ಆಕ್ಸಿಜನ್ನು ಎರಡೂ. ಈ ವರ್ಷ ಮೂರು ಸಲ ಐಸಿಯು ಆಯ್ತು. ಈಗ ಸ್ನಾನಕ್ಕೂ ಎತ್ಕೊಂಡೇ ಹೋಗ್ಬೇಕು. ಮೊನ್ನೆ ಮಾಸ್ಕ್ ಹಾಕೋಕೆ ಹೋದ್ರೆ ಕೈ ತಳ್ಳಿ "ಸಾಕು ಬಿಡೋ ಮಗ" ಅಂದ್ರು. ನಾನೇನ್ ಮಾಡ್ಲಿ ಮೇಡಂ? – ಶಿಕಾರಿಪುರ

ಉತ್ತರ: ನಾಲ್ಕು ವರ್ಷ ಕೊಟ್ಟಿದೆ ಮಶೀನು, ನಾಲ್ಕು ವರ್ಷ ಹಾಕಿದ್ದು ನೀವು, ಅದು ಸಣ್ಣ ಮಾತಲ್ಲ.

ಆ "ಸಾಕು" ಅನ್ನೋದು ಯಾವ ಸಾಕು ಅಂತ ಮೊದ್ಲು ತಿಳ್ಕೊಳ್ಳಬೇಕು. ಮೂಗಿನ ಮೇಲೆ ಹುಣ್ಣಾಗಿ ನೋಯ್ತಿದ್ರೂ ಸಾಕು ಅಂತಾರೆ, ಬಾಯಿ ಒಣಗಿ, ಹೊಟ್ಟೆಗೆ ಗಾಳಿ ತುಂಬಿ ಉಬ್ಬರಿಸಿದ್ರೂ ಅಂತಾರೆ, ಮನಸ್ಸು ಕುಗ್ಗಿದ್ರೂ ಅಂತಾರೆ, ಕಾರ್ಬನ್ ಡೈ ಆಕ್ಸೈಡ್ ಏರಿ ಗೊಂದಲದಲ್ಲೂ ಅಂತಾರೆ. ಇವೆಲ್ಲಕ್ಕೂ ಮದ್ದಿದೆ. ಇದ್ಯಾವುದೂ ಅಲ್ಲ, ಪೂರ್ತಿ ಎಚ್ಚರದಲ್ಲಿ ತಿಳಿದೇ ಹೇಳಿದ್ದು ಅಂದ್ರೆ ಆ ಮಾತಿಗೆ ಬೆಲೆ ಕೊಡಬೇಕು. ಬೆಳಗ್ಗೆ ಹೊತ್ತು ಅವರು ಚುರುಕಾಗಿರೋ ಟೈಮ್ ನೋಡಿ ಪಕ್ಕ ಕೂತು ಕೇಳಿ, ಅಪ್ಪ, ಮತ್ತೆ ಜೋರಾದ್ರೆ ಐಸಿಯುಗೆ ಹೋಗೋದಾ, ಮನೇಲೇ ಇರ್ತೀರಾ, ಗಂಟಲಿಗೆ ಪೈಪ್ ಹಾಕೋದು ಬೇಕಾ ಬೇಡ್ವಾ. ಕೇಳೋಕೆ ಬಾಯೇ ಬರಲ್ಲ, ಗೊತ್ತು ನನಗೆ, ಆದ್ರೆ ಇದನ್ನ ಕೇಳದೆ ಇದ್ರೆ ನಡುರಾತ್ರಿ 108ರೊಳಗೆ ಕೂತು ನೀವೊಬ್ರೇ ನಿರ್ಧಾರ ಮಾಡ್ಬೇಕಾಗ್ತದೆ. ಅಕ್ಕ ತಂಗಿ ಅಣ್ಣ ತಮ್ಮ ಯಾರಿದ್ರೂ ಆಗ ಅವರನ್ನೂ ಕೂರಿಸ್ಕೊಳ್ಳಿ, ಆಮೇಲೆ ಒಬ್ಬರ ಮೇಲೊಬ್ಬರು ಹಾಕೋದು ಬೇಡ.

ಮಾಸ್ಕ್ ಬೇಡ ಅಂದ್ರೆ ಅವರನ್ನ ಒದ್ದಾಡೋಕೆ ಬಿಡೋದು ಅಂತ ಅರ್ಥ ಅಲ್ಲ. ಒಮ್ಮೆಲೇ ನೀವೇ ನಿಲ್ಲಿಸಬೇಡಿ, ಮೊದ್ಲು ನಮ್ಮ ಹತ್ರ ಮಾತಾಡಿ. ದಮ್ಮಿನ ಸಂಕಟ ತಗ್ಗಿಸೋಕೆ ಔಷಧಿ ಇದೆ, ಕೆಲವರಿಗೆ ತೀರಾ ಸಣ್ಣ ಡೋಸಲ್ಲಿ ಮಾರ್ಫಿನ್ನೂ ಕೊಡ್ತೀವಿ, ನಾವೇ ನಿಗಾ ಇಟ್ಟು. ಅಲ್ಲೀತನಕ ಅಪ್ಪ ಮಾಸ್ಕ್ ತೆಗೆದಿರೋ ಹೊತ್ತಲ್ಲಿ ಕಿಟಕಿ ಹತ್ರ ಎರಡು ದಿಂಬು ಕೊಟ್ಟು ಮುಂದಕ್ಕೆ ಬಾಗಿಸಿ ಕೂರಿಸಿ, ಮುಖಕ್ಕೆ, ಅದ್ರಲ್ಲೂ ಮೂಗು ತುಟಿ ಮೇಲೆ, ಅಡಿಕೆ ಹಾಳೆ ಬೀಸಣಿಗೆಯಿಂದ ಗಾಳಿ ಬೀಸಿ. ಮುಖಕ್ಕೆ ತಣ್ಣನೆ ಗಾಳಿ ತಾಗಿದ್ರೆ ಉಸಿರು ಕಟ್ಟಿದ ಸಂಕಟ ಕಡಿಮೆ ಅನ್ಸುತ್ತೆ ಅಂತ ಪರೀಕ್ಷೆ ಮಾಡಿ ನೋಡಿದಾರೆ, ನಮ್ಮ ಅಜ್ಜಿಯರು ಮೊದಲಿಂದ ಮಾಡ್ತಿದ್ದಿದ್ದೂ ಅದೇ. ಅವರು ಹೇಳಿದ ಉತ್ತರ ಒಂದು ಚೀಟೀಲಿ ಬರ್ಕೊಳ್ಳಿ, ಅವರದ್ದೇ ಮಾತಲ್ಲಿ. ಮುಂದಿನ ಸಲ ಬರೋವಾಗ ಆ ಚೀಟಿ ತನ್ನಿ, ಅಪ್ಪನ್ನ ಕರ್ಕೊಂಡ್ ಬರೋಕಾಗಲ್ಲ ಅಂದ್ರೆ ನೀವೊಬ್ರೇ ಬನ್ನಿ, ಸಾಕು.